ಹತ್ತು ಸಾವಿರ ಏರಿಕೆ, ನಾನೂರು ರೂಪಾಯಿ ಲುಕ್ಸಾನು

‘ವರ್ಷದ ಆದಾಯ 12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂದು 2025ರ ಬಜೆಟ್ಟಿನಲ್ಲಿ ಕೇಳಿದ್ದೇ ತಡ, ವಾಟ್ಸಾಪ್ ಗುಂಪುಗಳಲ್ಲಿ ಲಡ್ಡು ಹಂಚಿದ್ದಾಯಿತು. ಕಾಯ್ದೆ ತೆರೆದು ನೋಡಿದರೆ 2025-26ಕ್ಕೆ ಆದಾಯ ತೆರಿಗೆಯ ಹೊಸ ಪದ್ಧತಿಯ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ) ತೆರಿಗೆರಹಿತ ಮಿತಿ ಬರೀ 4 ಲಕ್ಷ. 4ರಿಂದ 8 ಲಕ್ಷಕ್ಕೆ ಶೇ 5ರಂತೆ 20,000, 8ರಿಂದ 12 ಲಕ್ಷಕ್ಕೆ ಶೇ 10ರಂತೆ 40,000. ಹೀಗೆ 60,000 ರೂಪಾಯಿಯನ್ನು ನಿಮ್ಮ ಹೆಸರಿಗೆ ಬರೆದು, ಆಮೇಲೆ 87ಎ ಸೆಕ್ಷನ್ನಿನ ರಿಬೇಟು, ಅಂದರೆ ತೆರಿಗೆ ಮಾಫಿ, ಎಂದು ಹೊಡೆದು ಹಾಕುತ್ತಾರೆ. ಕೊಡದ ಸಾಲವನ್ನು ಮನ್ನಾ ಮಾಡಿದ ಹಾಗೆ.

ಸಂಬಳದವರಿಗೆ ರಸೀದಿ ಕೇಳದೆ ಕಳೆಯುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೂ ನೆಮ್ಮದಿ. ಅದು ಲಕ್ಷ್ಮಣರೇಖೆ. ಸಂಬಳ ಸರಿಯಾಗಿ ಗೆರೆಯ ಮೇಲಿದ್ದು, ಬಾಸು ಬೆನ್ನು ತಟ್ಟಿ ವರ್ಷಕ್ಕೆ 10,000 ಏರಿಸಿದರೋ, ಗೆರೆ ದಾಟಿದಿರಿ. ತೆರಿಗೆ 61,500 ಆಗಬೇಕಿತ್ತು. ಪಾಪ ಎಂದು ಮಾರ್ಜಿನಲ್ ರಿಲೀಫ್ ಕೊಟ್ಟು, ಗೆರೆಯ ಆಚೆ ಎಷ್ಟು ಹೋಗಿದ್ದೀರೋ ಅಷ್ಟಕ್ಕೇ ಇಳಿಸುತ್ತಾರೆ. ಅಂದರೆ ಏರಿಕೆಯ ಪೂರ್ತಿ 10,000. ಅದರ ಮೇಲೆ ಶೇ 4 ಸೆಸ್ಸು ಎಂಬ ಉಪಕರ, 400 ರೂಪಾಯಿ. ಅದನ್ನು ಹಳೇ ಸಂಬಳದಿಂದ ತುಂಬಬೇಕು! ಸೆಸ್ಸಿನ ಹೆಸರೇ ಆರೋಗ್ಯ ಮತ್ತು ಶಿಕ್ಷಣ, ಶಿಕ್ಷಣವಂತೂ ಆಯಿತು.

ಈ ಹಳ್ಳ ಸಣ್ಣದಲ್ಲ. ಸೆಸ್ಸೂ ಸೇರಿ ಲೆಕ್ಕ ಹಾಕಿದರೆ ಸುಮಾರು 73,900 ರೂಪಾಯಿ ಏರಿಕೆಯವರೆಗೂ ಕೈಗೆ ಬರುವುದು ಮೊದಲಿಗಿಂತ ಕಡಿಮೆಯೇ. ಗೆರೆಯ ಹತ್ತಿರ ಇರುವವರು ಏರಿಕೆಯನ್ನು ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆಗೆ ಕಂಪನಿಯ ಪಾಲಿನ ವಂತಿಗೆಯಾಗಿ ಕಟ್ಟಿಸಿಕೊಳ್ಳಬಹುದು. ಬೇಸಿಕ್ (ಮೂಲ ವೇತನ) ಮತ್ತು ಡಿಎಯ (ತುಟ್ಟಿಭತ್ಯೆ) ಶೇ 14ರವರೆಗೆ ಹೊಸ ಪದ್ಧತಿಯಲ್ಲೂ ಆದಾಯದಿಂದ ಕಳೆಯುತ್ತದೆ. ಕಂಪನಿಯೇ ಕಟ್ಟಬೇಕು. ನಿಮ್ಮ ಜೇಬಿನಿಂದ ನೀವೇ ಕಟ್ಟಿದರೆ ಪಿಂಚಣಿಗೆ ಪುಣ್ಯ, ತೆರಿಗೆಗೆ ಸೊನ್ನೆ. ಪಿಪಿಎಫ್ ಉಳಿತಾಯದ ರಸೀದಿಯೂ ಇಲ್ಲಿ ಬೀಸಣಿಗೆಗಷ್ಟೇ ಲಾಯಕ್ಕು.

ಗೆರೆಯೊಳಗೇ ಇದ್ದೇನಲ್ಲ ಎನ್ನುವವರು ಷೇರು ಇಡುವ ಡಿಮ್ಯಾಟ್ ಖಾತೆ ನೋಡಿಕೊಳ್ಳಿ. ಸಂಬಳ ಕಳೆಯುವಷ್ಟು ಕಳೆದು 9 ಲಕ್ಷ, ಕೊಂಡ ವರ್ಷದೊಳಗೇ ಷೇರು ಮಾರಿದ ಲಾಭ 1 ಲಕ್ಷ. ಒಟ್ಟು ಹತ್ತೇ ಲಕ್ಷ. ಆದರೆ ಷೇರು ಲಾಭದ ಶೇ 20 ತೆರಿಗೆಗೆ ರಿಬೇಟು ಮುಟ್ಟುವುದಿಲ್ಲ. ಸೆಸ್ಸು ಸೇರಿ 20,800 ತೆಗೆಯಿರಿ. ಇನ್ನು ತೆರಿಗೆಯೇ ಇಲ್ಲವೆಂದು ರಿಟರ್ನ್ ಹಾಕದೆ ಕೂತವರ ಕಥೆ: ಗಡುವು ತಪ್ಪಿದರೆ, 5 ಲಕ್ಷ ಮೀರಿದ ಆದಾಯಕ್ಕೆ ತಡದ ಶುಲ್ಕ 5,000. ತೆರಿಗೆ ಸೊನ್ನೆ, ಸೊನ್ನೆ ಎಂದು ಹೇಳಲು ತಡವಾದದ್ದಕ್ಕೆ ಐದು ಸಾವಿರ.

ಸರಿ, ಹಳೇ ಪದ್ಧತಿಗೇ ಹೋಗೋಣ ಎಂದರೆ ಅಲ್ಲಿ ರಿಬೇಟಿನ ಗೆರೆ 5 ಲಕ್ಷ, ಮಾರ್ಜಿನಲ್ ರಿಲೀಫ್ ಎಂಬ ಕರುಣೆಯೂ ಇಲ್ಲ. ಎಫ್‌ಡಿ ಬಡ್ಡಿ ಐದು ರೂಪಾಯಿ ಜಾಸ್ತಿ ಬಂದು ಆದಾಯ 5,00,005 ಆದರೆ, ಹತ್ತಕ್ಕೆ ಸರಿಮಾಡಿ 5,00,010 ಎನ್ನುತ್ತಾರೆ; ತೆರಿಗೆ ಸೆಸ್ಸು ಸೇರಿ 13,000. 2025-26ರ ಲೆಕ್ಕಕ್ಕೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಯಲ್ಲಿ ಸಂಬಳದ ಶೇ 50 ಮಿತಿ ಇತ್ತು. ಆಗ ಬೆಂಗಳೂರಿಗೆ 40, ಚಿಂತಾಮಣಿಗೂ 40. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಓನರಿಗೆ ಈ ನಿಯಮ ಯಾರಾದರೂ ಓದಿ ಹೇಳಬೇಕಿತ್ತು.

2025-26ರ ಹಳೇ ಪದ್ಧತಿಯಲ್ಲಿ ಮಕ್ಕಳ ಶಿಕ್ಷಣ ಭತ್ಯೆಯೂ ಇತ್ತು. ಮಗುವಿಗೆ ತಿಂಗಳಿಗೆ 100 ರೂಪಾಯಿ ತೆರಿಗೆರಹಿತ! ಹಾಸ್ಟೆಲ್ಲಿನಲ್ಲಿದ್ದರೆ ಇನ್ನೂ 300, ದಿನಕ್ಕೆ ಹತ್ತು ರೂಪಾಯಿ. ಆ ದುಡ್ಡಿಗೆ ದರ್ಶಿನಿಯಲ್ಲಿ ಚಟ್ನಿ ಸಿಕ್ಕೀತು. ಅದೂ ಇಬ್ಬರು ಮಕ್ಕಳಿಗೆ ಮಾತ್ರ. ಮೂರನೆಯದು ಹಂಚಿಕೊಂಡು ತಿನ್ನಲಿ.