ಜೆರುಸಲೇಮಿನ ಅಡುಗೆಮನೆಯಲ್ಲಿ ನಿಂತುಹೋದ ಮಾತು

ಇಲ್ಲಿ ಜೆರುಸಲೇಮಿನಲ್ಲಿ ನಾನು ನೋಡಿಕೊಳ್ಳುವ ಅಜ್ಜಿಗೆ 88 ವರ್ಷ. ಅವರ ಮೊಮ್ಮಕ್ಕಳಂತೆ ನಾನೂ ‘ಸಾವ್ತಾ’ ಎಂದೇ ಕರೆಯುತ್ತೇನೆ. ಕಳೆದ ಶುಕ್ರವಾರ, ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬತ್‌ನ ಅಡುಗೆಗೆ ಕ್ಯಾರೆಟ್ ಹೆರೆಯುತ್ತಾ, ಕೆಳಗಿನ ಮನೆಯ ಸೊಸೆ ಅತ್ತೆಯ ಮೇಲೆ ಕೂಗಾಡಿದ್ದನ್ನು ಹೇಳತೊಡಗಿದೆ. ಸಾವ್ತಾ ಕೈ ಎತ್ತಿ ತಡೆದರು. “ಲಶೋನ್ ಹರಾ.” ಕೆಟ್ಟ ನಾಲಗೆ.

“ಸುಳ್ಳಲ್ಲ ಸಾವ್ತಾ, ನಾನೇ ಕೇಳಿದ್ದು.”

“ಸುಳ್ಳಾದರೆ ಅದಕ್ಕೆ ಬೇರೆ ಹೆಸರಿದೆ,” ಎಂದು ಬಟ್ಟಲನ್ನು ತಮ್ಮತ್ತ ಎಳೆದುಕೊಂಡರು. ನನ್ನ ಮುಖ ಬಿಸಿಯಾಯಿತು.

ನಿಜ ಹೇಳಿದರೂ ತಪ್ಪು ಎಂಬುದು ನನಗೆ ಹೊಸದು. ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ’ ಎನ್ನುವ ನಮ್ಮ ಗಾದೆಯೂ ಆಡಿದವರ ಪಕ್ಷವನ್ನೇ ಹಿಡಿಯುತ್ತದೆ. ಯೆಹೂದಿ ಧರ್ಮಶಾಸ್ತ್ರದಲ್ಲಿ ಹಾಗಿಲ್ಲ. ಆಡಿದವರು, ಕೇಳಿದವರು, ಆಡಿಸಿಕೊಂಡವರು, ಮೂವರನ್ನೂ ಈ ಮಾತು ಕೊಲ್ಲುತ್ತದೆ ಎನ್ನುತ್ತದೆ ಅವರ ಪ್ರಾಚೀನ ಧರ್ಮಗ್ರಂಥ ತಾಲ್ಮುದ್. ರಬ್ಬಿ, ಅಂದರೆ ಧರ್ಮಗುರು, ಇಸ್ರಾಯೇಲ್ ಮೇಯಿರ್ ಕಗಾನ್ 1873ರಲ್ಲಿ ಈ ನಿಯಮಗಳಿಗೆಂದೇ ‘ಹಫೆತ್ಸ್ ಹಯಿಮ್’ ಎಂಬ ಗ್ರಂಥ ಪ್ರಕಟಿಸಿದರು. ಸಾವ್ತಾ ಅದನ್ನು ದಿನವೂ ಸ್ವಲ್ಪ ಓದುತ್ತಾರೆ.

ಅದರಲ್ಲಿ ‘ಕೆಟ್ಟ ನಾಲಗೆಯ ಧೂಳು’ ಎಂಬುದೊಂದಿದೆ. “ಅವರ ವಿಷಯ ಬಿಡಿ, ಏನಾಯಿತೆಂದು ನಾನು ಹೇಳುವುದಿಲ್ಲ” ಎನ್ನುವುದೂ ತಪ್ಪೆಂದು ಹನ್ನೆರಡನೆಯ ಶತಮಾನದ ಯೆಹೂದಿ ವಿದ್ವಾಂಸ ಮೈಮೊನಿಡೀಸ್ ಬರೆದಿಟ್ಟಿದ್ದಾರೆ. ಸಾವ್ತಾ ಅದನ್ನು ವಿವರಿಸಿದಾಗ ಹೆರೆಯುತ್ತಿದ್ದ ಕೈ ನಿಂತುಬಿಟ್ಟಿತು. ಅಕ್ಕನ ಸಂಬಂಧ ತಪ್ಪಿಹೋದದ್ದು ಈ ಧೂಳಿನಿಂದಲೇ. ನಮ್ಮ ಜಗಲಿಯಲ್ಲಿ ಅಮ್ಮನ ಜೊತೆ ಕೂತು ಬೀಡಿ ಕಟ್ಟುತ್ತಿದ್ದ ನೆರೆಮನೆಯವರನ್ನು ಗಂಡಿನ ಕಡೆಯವರು ವಿಚಾರಿಸಿದ್ದರು. “ಹುಡುಗಿ ಒಳ್ಳೆಯವಳೇ. ಆದರೆ… ಬಿಡಿ, ನಮಗ್ಯಾಕೆ?” ಎಂದರಂತೆ, ಅಷ್ಟೇ. ಗಂಡಿನವರು ಮತ್ತೆ ಬರಲಿಲ್ಲ. ಆ ‘ಆದರೆ’ಯ ಮುಂದೆ ಏನಿತ್ತೆಂದು ಅಕ್ಕ ಇವತ್ತಿಗೂ ಕೇಳುತ್ತಾಳೆ. ಮದುವೆಯ ವಿಚಾರಣೆಯಲ್ಲಿ ಗಂಭೀರ ದೋಷವಿದ್ದರೆ ಹೇಳಲೇಬೇಕೆಂದು ಇಲ್ಲಿಯ ನಿಯಮವೂ ಒಪ್ಪುತ್ತದೆ. ಆದರೆ ತಾನು ಖಚಿತವಾಗಿ ಬಲ್ಲದ್ದನ್ನು, ಬಣ್ಣ ಹಚ್ಚದೆ, ದ್ವೇಷವಿಲ್ಲದೆ ಹೇಳಬೇಕು. ಅರ್ಧಕ್ಕೆ ನಿಲ್ಲಿಸಿದ ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ನಮ್ಮೂರಿನ ಜಗಲಿಗಳಲ್ಲಿ ಇಂಥ ಒಂದು ಕೈ ಎದ್ದಿದ್ದರೆ ಎಷ್ಟು ಹೆಣ್ಣುಮಕ್ಕಳ ಬದುಕು ಉಳಿಯುತ್ತಿತ್ತು ಎಂದು ಆ ದಿನವೆಲ್ಲ ಕುದಿದೆ.

ಇದನ್ನೂ ಹೇಳಬೇಕು, ಹೇಳಲು ಮನಸ್ಸಿಲ್ಲದಿದ್ದರೂ. ಎರಡು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಾಗ, ಹೊತ್ತೇರಿದರೂ ಬಾಗಿಲು ತೆರೆದಿಲ್ಲವೆಂದು ಗಮನಿಸಿದ್ದು ಅದೇ ನೆರೆಮನೆಯವರು. ನಮ್ಮ ಮನೆಯ ಒಳಹೊರಗೆಲ್ಲ ತಿಳಿದಿದ್ದರಿಂದಲೇ ಅವರಿಗೆ ಗೊತ್ತಾಯಿತು. ಮೂರು ರಾತ್ರಿ ಆಸ್ಪತ್ರೆಯಲ್ಲಿ ಕೂತರು. ನಾನು ಇಲ್ಲಿಂದ ಫೋನು ಮಾಡಿ ಅಳುತ್ತಿದ್ದೆ.

ಅಂದು ಸಂಜೆ ದೀಪ ಹಚ್ಚಿ, ಪ್ರಾರ್ಥನೆ ಮುಗಿಸಿ, ಸಾವ್ತಾ ನನ್ನನ್ನು ಹತ್ತಿರ ಕರೆದರು. ದನಿ ತಗ್ಗಿತ್ತು.

“ಕೆಳಗಿನ ಮನೆಯ ಸೊಸೆ, ಬರೀ ಕೂಗಿದಳೋ, ಕೈ ಮಾಡಿದಳೋ? ಕೈ ಮಾಡಿದ್ದರೆ ಹೇಳು. ಅದು ಬೇರೆ.”