ಬೇಸ್‌ಮೆಂಟಿನ ಗ್ಯಾಸ್ ಲೀಕ್

ಮಿನೆಸೋಟದ ಚಳಿಗಾಲದಲ್ಲಿ ನಮ್ಮ ಮನೆ ದೋಸೆ ಹಿಟ್ಟಿಗೆ ಬಾಣಂತಿ ಆರೈಕೆ. ಓವನ್ ಒಳಗಿಟ್ಟು, ಲೈಟು ಹಾಕಿ, ಟವೆಲ್ ಹೊದಿಸಿದರೂ ಮಹಾತಾಯಿ ಉಬ್ಬುವುದಿಲ್ಲ. ಹಿಟ್ಟಿನ ಜೊತೆ ಇಷ್ಟು ವರ್ಷ ಏಗಿದವನಿಗೆ ಬಿಯರ್ ಯಾವ ಲೆಕ್ಕ ಅಂದುಕೊಂಡೆ. ಇಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು 1978ರಲ್ಲೇ ಕಾನೂನು ಬಂದಿದೆ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್. ನಾನು ಮಾಡಿದ್ದು ಬರೀ 5.

ಬಿಯರಿನಲ್ಲಿ ಏಲ್, ಲಾಗರ್ ಅಂತ ಎರಡು ಮುಖ್ಯ ಜಾತಿ. ತಿಳಿದವರು "ಮೊದಲು ಏಲ್ ಮಾಡು" ಅಂದರು. ಏಲ್ ಯೀಸ್ಟ್ ಸಾಧು ಪ್ರಾಣಿ, ರೂಮಿನ ಬಿಸಿ ಸಾಕು. ಲಾಗರ್ ಯೀಸ್ಟ್‌ಗೆ 10-12 ಡಿಗ್ರಿ ತಂಪು ಬೇಕು. ಆಮೇಲೆ ಸೊನ್ನೆಯ ಹತ್ತಿರ ವಾರಗಟ್ಟಲೆ ಕೂಡಿಡಬೇಕು. ಆ ಹೆಸರು ಬಂದಿದ್ದೇ ಜರ್ಮನ್ ಭಾಷೆಯ 'ಕೂಡಿಡು' ಅನ್ನೋ ಮಾತಿನಿಂದ. ಜನವರಿಯಲ್ಲಿ ನಮ್ಮ ಬೇಸ್‌ಮೆಂಟ್ 11 ಡಿಗ್ರಿ. ಬಿಟ್ಟಿ ಫ್ರಿಜ್ ಇರುವಾಗ ಏಲ್ ಯಾಕೆ?

ಪಿಲ್ಸ್ನರ್ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ತಿಳಿಬಣ್ಣದ ಬಾರ್ಲಿ) ರಸವನ್ನು ಮುಚ್ಚಳ ಹಾಕದೆ ಒಂದೂವರೆ ಗಂಟೆ ಕುದಿಸಬೇಕು. ಮುಚ್ಚಿದರೆ ಬೇಯಿಸಿದ ಮುಸುಕಿನ ಜೋಳದ ವಾಸನೆ ಉಳಿದುಬಿಡುತ್ತದೆ. ಮುಚ್ಚಲಿಲ್ಲ. ಉಕ್ಕಿ ಸ್ಟವ್ ತುಂಬಾ ಹರಿಯಿತು. ಬೆಲ್ಲದ ಪಾಕ ಕೆರೆದ ಅನುಭವ ಇದ್ದವರಿಗೆ ಮುಂದಿನದ್ದು ಹೇಳಬೇಕಾಗಿಲ್ಲ.

ಉಳಿದ ರಸವನ್ನು ಆರಿಸಿ, ಲಾಗರ್ ಯೀಸ್ಟ್ ಹಾಕಿ, ಬಕೆಟ್ಟಿನಲ್ಲಿ ಮುಚ್ಚಿ ಬೇಸ್‌ಮೆಂಟಿನಲ್ಲಿಟ್ಟೆ. ಮೂರನೇ ದಿನ ಮುಚ್ಚಳದ ಮೇಲಿನ, ಒಳಗಿನ ಗಾಳಿಯನ್ನು ಹೊರಗೆ ಬಿಡುವ ಏರ್‌ಲಾಕ್ ಬುಳುಕ್ ಬುಳುಕ್ ಅನ್ನತೊಡಗಿತು. ಖುಷಿಯಲ್ಲಿ ಆಫೀಸಿಗೆ ಹೋದೆ. ಹನ್ನೊಂದಕ್ಕೆ ಹೆಂಡತಿಯ ಫೋನ್. "ಮನೆ ತುಂಬಾ ಗ್ಯಾಸ್ ವಾಸ್ನೆ ಕಣ್ರೀ! ಪಕ್ಕದ ಮನೇಲಿದೀನಿ. ಗ್ಯಾಸಿನವ್ರು ಬರ್ತಿದಾರೆ."

ನಾನು ಓಡಿ ಬಂದಾಗ ಆ ಮನುಷ್ಯ ಮೀಟರ್ ಹಿಡಿದು ಮೂಲೆ ಮೂಲೆ ಸುತ್ತುತ್ತಿದ್ದ. ಎಲ್ಲ ಕಡೆ ಸೊನ್ನೆ. ಕೊನೆಗೆ ಬೇಸ್‌ಮೆಂಟಿಗಿಳಿದು ಬಕೆಟ್ಟಿನ ಮೇಲೆ ಬಗ್ಗಿದ. ಅದು ಅವನ ಮುಖಕ್ಕೇ ಒಮ್ಮೆ ತೇಗಿತು. ಅವನು ನೆಟ್ಟಗೆ ನಿಂತು ಕೇಳಿದ್ದು ಒಂದೇ ಮಾತು: "ಲಾಗರಾ?"

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಲೀಕ್ ಗೊತ್ತಾಗಲಿ ಅಂತ ಗಂಧಕದ ಅಂಶ ಇರುವ ಏನನ್ನೋ ಬೆರೆಸಿರುತ್ತಾರೆ. ಲಾಗರ್ ಯೀಸ್ಟೂ ಹುದುಗುವಾಗ ಗಂಧಕದ ಗಾಳಿ ಬಿಡುತ್ತದೆ. ಎರಡೂ ಕೊಳೆತ ಮೊಟ್ಟೆಯೇ. ಅವನು ನಗುತ್ತಾ ಹೋದ. ಹೆಂಡತಿ ನಗಲಿಲ್ಲ.

ಹೀಗಾಗಿ ಮುಖ್ಯವಾದ ಒಂದು ಕೆಲಸ ತಪ್ಪಿತು. ಹುದುಗು ಮುಗಿಯುವ ಹೊತ್ತಿಗೆ ಬಕೆಟ್ಟನ್ನು ಎರಡು-ಮೂರು ದಿನ 16-18 ಡಿಗ್ರಿ ಬೆಚ್ಚಗೆ ಇಡಬೇಕು. ಆಗ ಯೀಸ್ಟ್, ತಾನೇ ಮಾಡಿಟ್ಟ ಡೈಅಸಿಟೈಲ್ ಅನ್ನೋ ವಾಸನೆಯ ರಾಸಾಯನಿಕವನ್ನು ತಾನೇ ತಿಂದು ಮುಗಿಸುತ್ತದೆ. ಬೆಚ್ಚಗಿದ್ದಿದ್ದು ಮೇಲಿನ ಮನೆ. "ಆ ಮೊಟ್ಟೆ ಮೆಟ್ಟಿಲು ಹತ್ತಿದ್ರೆ ನಾನು ಇಳೀತೀನಿ" ಅಂದಳು. ಸುಮ್ನೆ ಬಾಟಲಿಗೆ ತುಂಬಿದೆ.

ಮಾರ್ಚ್‌ನಲ್ಲಿ ಮೂವರು ಗೆಳೆಯರನ್ನು ಕರೆದೆ. ಬಣ್ಣ ಚಿನ್ನ, ಮೇಲೆ ಎರಡು ಬೆರಳು ನೊರೆ. ಮೊದಲನೆಯವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. "ಗುರೂ... ದಾವಣಗೆರೆ!"

ಬೆಣ್ಣೆ. ಅಪ್ಪಟ ಬೆಣ್ಣೆ ವಾಸನೆ. ಬೆಣ್ಣೆಗೆ ಘಮ ಕೊಡುವುದೂ ಅದೇ ಡೈಅಸಿಟೈಲ್ ನೋಡಿ. ಎರಡನೆಯವನು ಚಟ್ನಿ ಕೇಳಿದ. ಮೂರನೆಯವನು ಮಾತಾಡದೆ ಎರಡು ಗ್ಲಾಸ್ ಮುಗಿಸಿದ. ಅವನಿಗೆ ನೆಗಡಿಯಾಗಿತ್ತು.

ಇನ್ನೂ 38 ಬಾಟಲಿ ಉಳಿದಿವೆ. ಹಿಟ್ಟು ಉಬ್ಬದ ದಿನ ಹೆಂಡತಿ ಬೇಸ್‌ಮೆಂಟ್ ಬಾಗಿಲ ಕಡೆ ಒಂಥರಾ ನೋಡುತ್ತಾಳೆ.