ಪಾವ್ಲೊವ್ಸ್ಕ್ ಅರಮನೆಯನ್ನು ಡೂಪ್ಲಿಕೇಟ್ ಅನ್ನಬೇಡಿ

ಸೇಂಟ್ ಪೀಟರ್ಸ್‌ಬರ್ಗ್ ನೋಡಿ ಬಂದವರು ಒಂದು ಮಾತು ಹೇಳುತ್ತಾರೆ. "ಊರಾಚೆಯ ಅರಮನೆಗಳೆಲ್ಲ ಯುದ್ಧದಲ್ಲಿ ಸುಟ್ಟುಹೋಗಿದ್ವು. ಈಗ ಇರೋದು ಹೊಸದಾಗಿ ಕಟ್ಟಿದ್ದು, ಡೂಪ್ಲಿಕೇಟ್." ಪಾವ್ಲೊವ್ಸ್ಕ್ ಅರಮನೆಯ ಒಳಗೇ, ನನ್ನ ಪಕ್ಕದಲ್ಲೇ ನಿಂತು ಒಬ್ಬರು ಹೀಗೆ ಹೇಳಿದರು. ಅಲ್ಲಿ ವಾದ ಮಾಡಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಸುಟ್ಟಿದ್ದು ನಿಜ. ಆದರೆ ಅಲ್ಲಿ ಏನಾಯಿತು ಅಂತ ತಿಳಿದವರ ಬಾಯಲ್ಲಿ ಆ ಕೊನೆಯ ಪದ ಬರಲಾರದು.

ಮೊದಲು ರಾಜರ ಕಥೆ, ಬೇಗ ಮುಗಿಸುತ್ತೇನೆ. 1777ರಲ್ಲಿ ಮೊಮ್ಮಗ ಅಲೆಕ್ಸಾಂಡರ್ ಹುಟ್ಟಿದ. ಆ ಖುಷಿಗೆ ರಾಣಿ ಎರಡನೇ ಕ್ಯಾಥರೀನ್ ಈ ಜಾಗವನ್ನು ಮಗ ಪಾಲ್ ಮತ್ತು ಸೊಸೆ ಮರಿಯಾ ಫ್ಯೊದೊರೊವ್ನಾಗೆ ಕೊಟ್ಟಳು. ಅಲ್ಲಿದ್ದ ಹಳ್ಳಿಗಳನ್ನು ರೈತರ ಸಮೇತ ಕೊಟ್ಟಳು. ಆಗ ರಷ್ಯಾದಲ್ಲಿ ರೈತರನ್ನೂ ಹೀಗೆ ದಾನ ಕೊಡಬಹುದಿತ್ತು. ಅಲ್ಲಿನ ಚಿನ್ನದ ಲೇಪ ನೋಡುವಾಗ ಇದೂ ನೆನಪಿರಬೇಕು. ಬ್ರಿಟನ್ನಿನ ವಾಸ್ತುಶಿಲ್ಪಿ ಚಾರ್ಲ್ಸ್ ಕ್ಯಾಮರೂನ್ 1782ರಲ್ಲಿ ಅರಮನೆ ಶುರು ಮಾಡಿದ. ಆಮೇಲೆ ಬ್ರೆನ್ನಾ ಅದನ್ನು ದೊಡ್ಡದು ಮಾಡಿದ. 1803ರಲ್ಲಿ ಒಳಭಾಗ ಬೆಂಕಿಗೆ ಹೋಯಿತು. ವೊರೊನಿಖಿನ್ ಮತ್ತೆ ಕಟ್ಟಿದ. ಅಂದರೆ ರಾಜರ ಕಾಲದಲ್ಲೇ ಈ ಮನೆ ಒಮ್ಮೆ ಸುಟ್ಟು ಎದ್ದಿದೆ. ಅದನ್ನು ಯಾರೂ ಡೂಪ್ಲಿಕೇಟ್ ಅನ್ನುವುದಿಲ್ಲ ಅಲ್ವಾ?

1801ರಲ್ಲಿ ಪಾಲ್ ಕೊಲೆಯಾದ. ಮರಿಯಾ 1828ರಲ್ಲಿ ಸಾಯುವವರೆಗೂ ಪಾವ್ಲೊವ್ಸ್ಕ್ ಅವಳ ಮನೆಯಾಗಿತ್ತು. 1795ರಲ್ಲಿ ಅವಳು ಅರಮನೆಯ ಕೋಣೆಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಳು. ಯಾವ ಕೋಣೆಯಲ್ಲಿ ಯಾವ ಬಟ್ಟೆ, ಯಾವ ಮೇಜು, ಯಾವ ಗಡಿಯಾರ, ಎಲ್ಲ. ಮನೆಯ ಮೇಲಿನ ಪ್ರೀತಿಗೆ ಬರೆದದ್ದು. ಸುಮಾರು 150 ವರ್ಷ ಆದಮೇಲೆ ಆ ಬರಹ ಎಷ್ಟು ಕೆಲಸಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

1917ರ ಕ್ರಾಂತಿಯ ನಂತರ ಬಂದ ಕಮ್ಯುನಿಸ್ಟ್ ಸರ್ಕಾರ ಅರಮನೆಯನ್ನು ಮ್ಯೂಸಿಯಂ ಮಾಡಿತು. ಅದೇ ಸರ್ಕಾರ ಮುಂದೆ ದುಡ್ಡಿಗಾಗಿ ಇಲ್ಲಿನ ಕೆಲವು ಬೆಲೆಬಾಳುವ ವಸ್ತುಗಳನ್ನು ವಿದೇಶಕ್ಕೆ ಮಾರಿತು ಕೂಡ. ಆಮೇಲೆ 1941 ಬಂತು.

ಆ ವರ್ಷ ಜರ್ಮನ್ ಸೇನೆ ಹತ್ತಿರವಾಗುತ್ತಿದ್ದಾಗ ಅಲ್ಲಿ ಜವಾಬ್ದಾರಿ ಹೊತ್ತವರು ಅನ್ನಾ ಜೆಲೆನೊವಾ. ಆಗ ಅವರಿಗೆ 28 ವರ್ಷ. ಎಲ್ಲವನ್ನೂ ಸಾಗಿಸಲು ಲಾರಿ ಇಲ್ಲ, ಪೆಟ್ಟಿಗೆ ಇಲ್ಲ, ದಿನಗಳೂ ಇಲ್ಲ. ಏನು ಉಳಿಸಬೇಕು, ಏನು ಬಿಡಬೇಕು? ಒಂದೇ ತರದ ಕುರ್ಚಿಗಳ ಸೆಟ್ ಇದ್ದರೆ ಅದರಲ್ಲಿ ಒಂದನ್ನು ಆರಿಸಿದರು. ಒಂದು ಉಳಿದರೆ ಮಾದರಿ ಉಳಿಯಿತು, ಉಳಿದದ್ದನ್ನು ಮತ್ತೆ ಮಾಡಬಹುದು. ಪಟ್ಟಣಕ್ಕೆ ಇನ್ನೂ ಬಾಂಬ್ ಬೀಳುತ್ತಿರುವಾಗ, ಮುಂದೊಂದು ದಿನ ಇದನ್ನು ಮತ್ತೆ ಕಟ್ಟುತ್ತೇವೆ ಅಂತ ನಂಬಿ ಕುರ್ಚಿ ಆರಿಸುವುದು! ಇದನ್ನು ಓದಿದಾಗ ನನಗೆ ಮಾತೇ ಹೊರಡಲಿಲ್ಲ.

ಪ್ರಾಚೀನ ರೋಮಿನ ಅಮೃತಶಿಲೆಯ ಮೂರ್ತಿಗಳು ಸಾಗಿಸಲಾಗದಷ್ಟು ಭಾರ. ಅವನ್ನು ನೆಲಮಾಳಿಗೆಯ ಒಂದು ಮೂಲೆಗೆ ಇಳಿಸಿ, ಮುಂದೆ ಇಟ್ಟಿಗೆ ಗೋಡೆ ಕಟ್ಟಿದರು. ಗೋಡೆ ಹೊಸದು ಅಂತ ಗೊತ್ತಾಗದ ಹಾಗೆ ಮಣ್ಣು ಮೆತ್ತಿದರು. ಪಾರ್ಕಿನ ಮೂರ್ತಿಗಳನ್ನು ಆಳವಾದ ಗುಂಡಿ ತೋಡಿ ಹೂತರು. ಜರ್ಮನ್ ಸೈನ್ಯ ಎರಡು ವರ್ಷಕ್ಕಿಂತ ಜಾಸ್ತಿ ಆ ಅರಮನೆಯಲ್ಲಿತ್ತು. ಆ ಗೋಡೆಯ ಹಿಂದೆ ಏನಿದೆ ಅಂತ ಯಾರಿಗೂ ತಿಳಿಯಲಿಲ್ಲ.

ಜೆಲೆನೊವಾ ಕೊನೆಗೆ ಕಾಗದಪತ್ರ ಹೊತ್ತು ನಡೆದೇ ಸೇಂಟ್ ಪೀಟರ್ಸ್‌ಬರ್ಗ್, ಅಂದರೆ ಆಗಿನ ಲೆನಿನ್‌ಗ್ರಾಡ್ ಸೇರಿದರು. ಮುಂದೆ 872 ದಿನದ ಮುತ್ತಿಗೆ. ನಗರದಲ್ಲಿ ಜನ ಹಸಿವಿನಿಂದ ಲಕ್ಷಗಟ್ಟಲೆ ಸತ್ತರು. ಊರಾಚೆಯ ಅರಮನೆಗಳಿಂದ ತಂದ ಪೆಟ್ಟಿಗೆಗಳು ಸೇಂಟ್ ಐಸಾಕ್ ಕೆಥೆಡ್ರಲ್‌ನಲ್ಲಿದ್ದವು. ಅವನ್ನು ಕಾಯುತ್ತಿದ್ದ ಮ್ಯೂಸಿಯಂ ನೌಕರರೂ ಅದೇ ಹಸಿವಿನಲ್ಲಿದ್ದರು. ಥಂಡಿ ಹಿಡಿದ ವಸ್ತುಗಳನ್ನು ಬಿಸಿಲು ಬಂದಾಗ ಹೊರಗೆ ತಂದು ಒಣಗಿಸುತ್ತಿದ್ದರು.

1944ರ ಜನವರಿ 24ರಂದು ಪಾವ್ಲೊವ್ಸ್ಕ್ ಬಿಡುಗಡೆಯಾಯಿತು. ಅರಮನೆ ಆಗ ಉರಿಯುತ್ತಿತ್ತು. ಸೂರು ಕುಸಿದಿತ್ತು. ಪಾರ್ಕಿನಲ್ಲಿ ಸುಮಾರು 70,000 ಮರ ಕಡಿದಿದ್ದರು. ಸೇತುವೆಗಳು ಹಾರಿಹೋಗಿದ್ದವು. ನೆಲದ ತುಂಬ ಮೈನ್.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ನನ್ನನ್ನು ತುಂಬ ಕಾಡಿದ ಪ್ರಶ್ನೆ. ಲೆನಿನ್‌ಗ್ರಾಡ್‌ನಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಜನಕ್ಕೇ ಮನೆ ಇಲ್ಲದಾಗ ಸತ್ತ ರಾಜನ ಮನೆ ಕಟ್ಟಬೇಕಿತ್ತಾ? ಅದೂ ರಾಜನ ಸಂಸಾರವನ್ನೇ ಗುಂಡಿಟ್ಟು ಕೊಂದ ಸರ್ಕಾರ? ಇದನ್ನು ಕೇಳುವವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೂ ಕಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ಹೊತ್ತಿಗೆ ಅದು ರಾಜನ ಮನೆಯಾಗಿ ಉಳಿದಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ಪೆಟ್ಟಿಗೆ ಕಾದವರ ಮನೆಯಾಗಿತ್ತು. ಬೂದಿಯ ರಾಶಿಯನ್ನು ಹಾಗೇ ಬಿಟ್ಟಿದ್ದರೆ ಹಿಟ್ಲರನ ಸೇನೆಯ ಮಾತೇ ಕೊನೆಯ ಮಾತಾಗುತ್ತಿತ್ತು.

ಕೆಲಸ ನಡೆದ ರೀತಿ ನೋಡಿ. ಬೂದಿ ಜರಡಿ ಹಿಡಿದು ಗಾರೆಯ ಚೂರು ಹೆಕ್ಕಿದರು. ಯಾವ ಚೂರು ಯಾವ ಕೋಣೆಯದು ಅಂತ ಬೇರೆ ಮಾಡಿದರು. ಕ್ಯಾಮರೂನ್, ವೊರೊನಿಖಿನ್ ನಕ್ಷೆಗಳನ್ನು ಹುಡುಕಿದರು. ಹಳೆಯ ಫೋಟೋ ತೆಗೆದರು. ಮರಿಯಾ ಬರೆದಿಟ್ಟ ಕೋಣೆಗಳ ವಿವರವೂ ಆಗ ಮೇಜಿನ ಮೇಲೆ ಬಂತು. ಕುಸುರಿ ಕೆಲಸ, ಚಿನ್ನದ ಹಾಳೆ ಅಂಟಿಸುವ ಕೆಲಸ ಗೊತ್ತಿದ್ದವರೇ ಕಡಿಮೆ. ಹಾಗಾಗಿ 1945ರಲ್ಲಿ ನಗರದ ಹಳೆಯ ಕಲಾಶಾಲೆಯನ್ನು ಮತ್ತೆ ತೆರೆದು ಹುಡುಗ ಹುಡುಗಿಯರಿಗೆ ಕೈಕೆಲಸ ಕಲಿಸಿದರು. 1957ರಲ್ಲಿ ಮೊದಲ ಕೋಣೆಗಳು ತೆರೆದವು. ಪೂರ್ತಿ ಮುಗಿಯುವಾಗ 1970ರ ದಶಕ. ಜೆಲೆನೊವಾ 1979ರವರೆಗೂ ಅಲ್ಲೇ ಇದ್ದರು.

ಸಿಂಹಾಸನದ ಹಾಲ್‌ನಲ್ಲಿ ತಲೆಯೆತ್ತಿ ನೋಡಿ. ಆಕಾಶಕ್ಕೆ ತೆರೆದುಕೊಂಡಂಥ ಕಂಬಸಾಲಿನ ಚಿತ್ರ. ರಾಜರ ಕಾಲದಲ್ಲಿ ಅದು ಅಲ್ಲಿರಲೇ ಇಲ್ಲ! ಆ ಕಾಲದ ಕಲಾವಿದ ಪಿಯೆತ್ರೊ ಗೊಂಜಾಗಾ ಕರಡು ಬರೆದಿದ್ದ, ಚಿತ್ರ ಆಗಿರಲಿಲ್ಲ. ಯುದ್ಧದ ನಂತರ ಅನಾತೊಲಿ ತ್ರೆಸ್ಕಿನ್ ಆ ಕರಡು ಹಿಡಿದು ಬಿಡಿಸಿದರು. ಇದು ಅತಿಯಾಯಿತು ಅನ್ನುವವರು ಇರಬಹುದು. ನನಗೆ ಇಡೀ ಅರಮನೆಯಲ್ಲಿ ಜಾಸ್ತಿ ಇಷ್ಟವಾದದ್ದು ಅದೇ. ಹಂಚು ಬದಲಿಸಿ ತೊಲೆ ಹಾಕಿಸಿದರೂ ಅಜ್ಜಿ ಮನೆ ಅಜ್ಜಿ ಮನೆಯೇ. ಯಾರು, ಯಾಕೆ, ಎಷ್ಟು ಅಕ್ಕರೆಯಿಂದ ಮಾಡಿದರು ಅನ್ನುವುದು ಮುಖ್ಯ.

ಇನ್ನೊಂದು ಮಾತು. ಹತ್ತಿರದ ಕ್ಯಾಥರೀನ್ ಅರಮನೆಯಲ್ಲಿ ಅಂಬರ್ ಕೋಣೆ ಇದೆ, ಗೋಡೆಗೆಲ್ಲ ಅಂಬರ್ ಅನ್ನುವ ಹೊಳೆಯುವ ರಾಳದ ಕಲ್ಲು. ಅದಕ್ಕೆ ಗಂಟೆಗಟ್ಟಲೆ ಕ್ಯೂ ನಿಲ್ಲುತ್ತಾರೆ. ಮೂಲ ಕೋಣೆಯನ್ನು ಜರ್ಮನ್ ಸೇನೆ 1941ರಲ್ಲಿ ದೋಚಿದ್ದು, ಇವತ್ತಿಗೂ ಸಿಕ್ಕಿಲ್ಲ. ಈಗಿನದು 2003ರಲ್ಲಿ ತೆರೆದದ್ದು. ಅಲ್ಲಿ ಮಿಂಚು ಜಾಸ್ತಿ, ಹಾಗಾಗಿ ಡೂಪ್ಲಿಕೇಟ್ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಬರೆಯುವಾಗ ಒಂದು ನೋವು ಕೂಡ ಇದೆ. 2022ರ ಮೇ ತಿಂಗಳಲ್ಲಿ ಉಕ್ರೇನಿನ ಹಾರ್ಕಿವ್ ಪ್ರಾಂತ್ಯದಲ್ಲಿ, 18ನೇ ಶತಮಾನದ ತತ್ವಜ್ಞಾನಿ ಸ್ಕೊವೊರೊಡಾ ಅವರ ಮ್ಯೂಸಿಯಂ ರಷ್ಯಾದ ದಾಳಿಯಲ್ಲಿ ಸುಟ್ಟುಹೋಯಿತು. ಪಾವ್ಲೊವ್ಸ್ಕ್ ಉರಿದದ್ದನ್ನು ಕಂಡ ದೇಶ ಇನ್ನೊಬ್ಬರ ಮ್ಯೂಸಿಯಂ ಸುಡುವುದನ್ನು ನನ್ನಿಂದ ಒಪ್ಪಲು ಆಗುವುದಿಲ್ಲ.

ಹೋಗುವವರಿಗೆ ಪಾರ್ಕಿನ ವಿಷಯ ಹೇಳಲೇಬೇಕು. ಸುಮಾರು 600 ಹೆಕ್ಟೇರ್. ನಡುವೆ ಸ್ಲಾವ್ಯಾಂಕಾ ಅನ್ನುವ ಸಣ್ಣ ಹೊಳೆ. ಗೊಂಜಾಗಾ ಮೂಲತಃ ನಾಟಕಕ್ಕೆ ಪರದೆ ಬರೆಯುತ್ತಿದ್ದ ಇಟಲಿಯ ಕಲಾವಿದ. ಇಲ್ಲಿ ಮರಗಳಿಂದಲೇ ದೃಶ್ಯ ಕಟ್ಟಿದ. ಕಪ್ಪು ಫರ್ ಮರಗಳ ಮುಂದೆ ಬಿಳಿ ಬರ್ಚ್, ದಾರಿ ತಿರುಗಿದರೆ ಬೇರೆಯದೇ ನೋಟ. ಯುದ್ಧದ ನಂತರ ಗಿಡ ನೆಟ್ಟವರಲ್ಲಿ ಎಷ್ಟೋ ಜನ ಅವು ಮರವಾದದ್ದನ್ನು ನೋಡಿರಲಾರರು. ಕೈಯಲ್ಲಿ ಕಡಲೆಬೀಜ ಹಿಡಿದರೆ ಅಳಿಲುಗಳು ಹತ್ತಿರ ಬರುತ್ತವೆ.

ಸೆಪ್ಟೆಂಬರ್ ಕೊನೆಯಲ್ಲಿ ಹೋಗಿ, ಎಲೆಗಳು ಹಳದಿಯಾಗಿರುತ್ತವೆ. ನಗರದ ವಿಟೆಬ್ಸ್ಕಿ ಸ್ಟೇಷನ್ನಿಂದ ಲೋಕಲ್ ಟ್ರೈನ್ ಹತ್ತಿ. ರಷ್ಯಾದ ಮೊದಲ ರೈಲು ಮಾರ್ಗ ಇದೇ, 1838ರಲ್ಲಿ ಪಾವ್ಲೊವ್ಸ್ಕ್ ಮುಟ್ಟಿತು. ಸ್ಟೇಷನ್ ಎದುರಿಗೇ ಪಾರ್ಕಿನ ಗೇಟ್. ನಮ್ಮ ಕಡೆಯ ಬ್ಯಾಂಕ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ, ರೂಬಲ್ ಇಟ್ಟುಕೊಳ್ಳಿ. 1944ರಲ್ಲಿ ತೆಗೆದ ಫೋಟೋಗಳನ್ನು ಮೊಬೈಲಿನಲ್ಲಿ ಮೊದಲೇ ಹಾಕಿಕೊಂಡಿರಿ. ಒಂದೊಂದು ಹಾಲ್‌ನಲ್ಲೂ ಒಂದೊಂದನ್ನು ತೆರೆದು ನೋಡಿ. ಸುಮ್ನೆ ಅರ್ಧ ದಿನದಲ್ಲಿ ಮುಗಿಸುವ ಪ್ಯಾಕೇಜ್ ತಗೋಬೇಡಿ, ಇಡೀ ದಿನ ಕೊಡಿ.